ಎಂಟನೇ ಬೆಡ್ ಕಡೆಯವರು

"ಎಂಟನೇ ಬೆಡ್ ಕಡೆಯೋರು ಯಾರು?"

ಐಸಿಯು ಬಾಗಿಲು ಅರ್ಧ ತೆರೆದು ಸೆಕ್ಯುರಿಟಿಯವನು ಕೂಗುತ್ತಾನೆ. ಮೈಸೂರಿನ ಈ ಖಾಸಗಿ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಯಾರಿಗೂ ಹೆಸರಿಲ್ಲ. ಒಳಗಿದ್ದವರಿಗೆ ಬೆಡ್ ನಂಬರು. ಹೊರಗೆ ಕಬ್ಬಿಣದ ಕುರ್ಚಿಗಳಲ್ಲಿ ಫ್ಲಾಸ್ಕು, ಹೊದಿಕೆ, ಚಾರ್ಜರ್ ಇಟ್ಟುಕೊಂಡು ಕೂತ ನಾವೆಲ್ಲ 'ಕಡೆಯೋರು'. ಅಣ್ಣ ಅರ್ಧ ಎದ್ದವನು ಮತ್ತೆ ಕೂತುಬಿಡುತ್ತಾನೆ.

"ನೀನೇ ಹೋಗಪ್ಪ. ನನ್ ಕೈಲಿ ನೋಡಕಾಗಲ್ಲ."

ಒಬ್ಬರನ್ನೇ ಬಿಡುವುದು, ಅದೂ ಹತ್ತು ನಿಮಿಷ. ಚಪ್ಪಲಿ ಹೊರಗೆ ಬಿಟ್ಟು, ಹಸಿರು ಗೌನು ತೊಟ್ಟು, ಮಾಸ್ಕು ಕಟ್ಟಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಳಗೆ ಹೋಗುತ್ತೇನೆ. ಏಸಿಯ ಚಳಿ ಮೊಣಕಾಲಿಗೆ ತಾಗುತ್ತದೆ. ಹನ್ನೆರಡು ಹಾಸಿಗೆ, ಹನ್ನೆರಡು ಪರದೆ. ಯಾವುದೋ ಮೂಲೆಯಲ್ಲಿ ಒಂದು ಯಂತ್ರ ಸದಾ ಕೂಗುತ್ತಿರುತ್ತದೆ. ಅದನ್ನು ಕೇಳಿ ಓಡಿಹೋಗುವವರು ಯಾರೂ ಕಾಣುವುದಿಲ್ಲ. ಯಾವ ಕೂಗಿಗೆ ಓಡಬೇಕು, ಯಾವುದಕ್ಕೆ ಬೇಡ ಎನ್ನುವುದು ಸಿಸ್ಟರ್‌ಗಳಿಗೆ ಗೊತ್ತು. ನನಗೆ ಗೊತ್ತಿಲ್ಲ, ಹಾಗಾಗಿ ಪ್ರತಿ ಕೂಗಿಗೂ ಎದೆ ಧಸಕ್ಕೆನ್ನುತ್ತದೆ.

ಅವ್ವ ಬೋರಲು ಮಲಗಿದ್ದಾಳೆ. ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ದಿಂಬು. ಮುಖ ಎಡಕ್ಕೆ ತಿರುಗಿದೆ, ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿದೆ. ಬಾಯಿಯ ಮೂಲೆಯಿಂದ ಬಂದ ಟ್ಯೂಬನ್ನು ಪ್ಲಾಸ್ಟರ್ ಹಾಕಿ ಕೆನ್ನೆಗೆ ಬಿಗಿದಿದ್ದಾರೆ. ಓಲೆ, ಮೂಗುಬೊಟ್ಟು ಬಿಚ್ಚಿ ಕವರಿಗೆ ಹಾಕಿ ಮೊದಲ ದಿನವೇ ನಮ್ಮ ಕೈಗೆ ಕೊಟ್ಟರು. ಮೂಗುಬೊಟ್ಟಿಲ್ಲದ ಅವ್ವನ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಮಲಗಿಸೋದಕ್ಕೆ ಐದು ಜನ ಬೇಕು ಸಾರ್," ಎನ್ನುತ್ತಾರೆ ಸಿಸ್ಟರ್. "ಹದಿನಾರು ಗಂಟೆ ಹೀಗೆ, ಆಮೇಲೆ ಅಂಗಾತ. ಹೀಗಿದ್ರೆ ಬೆನ್ನಿನ ಕಡೆ ಮುಚ್ಚಿಕೊಂಡಿರೋ ಶ್ವಾಸಕೋಶ ಬಿಚ್ಕೊಳ್ಳುತ್ತೆ."

ನೋಡಿದರೆ ಅವ್ವ ಗಾಢ ನಿದ್ದೆಯಲ್ಲಿದ್ದಾಳೆ. ನಿದ್ದೆ ಮದ್ದು, ಅದರ ಮೇಲೆ ಸ್ನಾಯು ಸಡಿಲಿಸುವ ಮದ್ದು. ಒಂದು ಬೆರಳೂ ಅಲುಗುವುದಿಲ್ಲ. ಎದೆ ಒಂದೇ ಲಯದಲ್ಲಿ ಏರುತ್ತದೆ, ಇಳಿಯುತ್ತದೆ. ಹೊರಗೆ ಬಂದು ಅಣ್ಣನಿಗೆ, "ನೆಮ್ಮದಿಯಾಗಿ ಮಲಗವ್ಳೆ" ಎನ್ನುತ್ತೇನೆ. ಅವನ ಮುಖ ತಿಳಿಯಾಗುತ್ತದೆ. ಈ ಇಡೀ ಕಾಯಿಲೆಯಲ್ಲಿ ಅವ್ವ ಸಾವಿಗೆ ತೀರ ಹತ್ತಿರವಿರುವ ದಿನ ಇದೇ. ನೋಡಲು ನೆಮ್ಮದಿಯಾಗಿರುವ ದಿನವೂ ಇದೇ.

ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಆಷಾಢ, ಶ್ರಾವಣ ಬಂತೆಂದರೆ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಕಟ್ಟಿ, ಬೇಯಿಸುವ ಮನೆಯಾದ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಆರುವಂತಿಲ್ಲ. ಶಾಖ ಹೆಚ್ಚುಕಮ್ಮಿಯಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ರೇಟು ಬೀಳುತ್ತದೆ. ಮದುವೆಯಾಗಿ ಬಂದಂದಿನಿಂದ ರಾತ್ರಿ ಸರದಿ ಅವ್ವನದೇ. ಹಗಲು ಅಡುಗೆ ಒಲೆ, ಬೆಳಗ್ಗೆ ಸಂಜೆ ಹಂಡೆ ಒಲೆ. ಒಂದು ಬೀಡಿ ಮುಟ್ಟದ ಹೆಂಗಸಿಗೆ, ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರ ಶ್ವಾಸಕೋಶ ಬಂದಿದೆ ಎಂದು ವರ್ಷಗಳ ಹಿಂದೆಯೇ ಹುಣಸೂರಿನ ಡಾಕ್ಟರು ಹೇಳಿ ಬಾಯಲ್ಲಿ ಎಳೆದುಕೊಳ್ಳುವ ಮದ್ದಿನ ಪಂಪು ಬರೆದುಕೊಟ್ಟಿದ್ದರು. ಪಂಪು ಗೂಡಿನಲ್ಲಿ ದೇವರ ಫೋಟೋ ಪಕ್ಕ ಇರುತ್ತಿತ್ತು. ಈ ಮಳೆಗಾಲ ಜ್ವರ ಬಂತು, ಮೂರನೇ ದಿನಕ್ಕೆ ಏದುಸಿರು. ಗಂಟಲ ದ್ರವದ ಪರೀಕ್ಷೆಯಲ್ಲಿ ಎಚ್‌1ಎನ್‌1. ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣಬೇಕಾದ ಎರಡೂ ಕಡೆ ಬೆಳ್ಳಗಾಗಿತ್ತು. ಗಾಳಿ ತುಂಬಬೇಕಾದ ಚೀಲಗಳಲ್ಲಿ ನೀರು ತುಂಬಿದೆ ಎಂದರು. ಎಆರ್‌ಡಿಎಸ್ ಎಂದು ಫೈಲಿನ ಮೇಲೆ ಬರೆದರು.

ಮೊದಲ ರಾತ್ರಿ ಡಾಕ್ಟರು ಅಳತೆ ಟೇಪು ಹಿಡಿದು ಅವ್ವನನ್ನು ತಲೆಯಿಂದ ಹಿಮ್ಮಡಿಯವರೆಗೆ ಅಳೆದರು. ನಮ್ಮೂರಲ್ಲಿ ಹಾಗೆ ಅಳೆಯುವುದು ಯಾವುದಕ್ಕೆ ಎಂಬುದು ನೆನಪಾಗಿ ನನಗೆ ಕೈಕಾಲು ತಣ್ಣಗಾಯಿತು. "ಎತ್ತರ ಬೇಕು," ಎಂದರು ಅವರು. "ಮೈ ದಪ್ಪ ಆದ್ರೆ ಶ್ವಾಸಕೋಶ ದಪ್ಪ ಆಗಲ್ಲ ನೋಡಿ. ಅದು ಎತ್ತರಕ್ಕೆ ತಕ್ಕ ಹಾಗಿರುತ್ತೆ." ಐದಡಿಯ ಹೆಂಗಸಿಗೆ ಲೆಕ್ಕದ ತೂಕ ಸುಮಾರು 45 ಕೆಜಿ, ಕೆಜಿಗೆ 6 ಮಿಲಿಲೀಟರ್. ಉಸಿರಾಟದ ಯಂತ್ರದ ಪರದೆಯ ಮೇಲೆ 270 ಎಂದು ಮೂಡಿತು. ಒಂದು ಉಸಿರಿಗೆ ಅಷ್ಟೇ, ಒಂದು ದೊಡ್ಡ ಲೋಟದಲ್ಲಿ ಹಿಡಿಯುವಷ್ಟು. ಹಿಂದೆ ಇದರ ಎರಡರಷ್ಟು ಊದುತ್ತಿದ್ದರಂತೆ, ರಕ್ತದಲ್ಲಿ ಆಮ್ಲಜನಕದ ಅಂಕಿ ಚೆನ್ನಾಗಿ ಬರಲಿ ಎಂದು. ಅಮೆರಿಕದ ಆಸ್ಪತ್ರೆಗಳಲ್ಲಿ 861 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೆಚ್ಚು ಊದಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 40 ಮಂದಿ ತೀರಿಕೊಂಡಿದ್ದರು, ಕಡಿಮೆ ಊದಿಸಿಕೊಂಡವರಲ್ಲಿ 31 ಮಂದಿ. ಮೊದಮೊದಲ ದಿನಗಳಲ್ಲಿ ಅಂಕಿ ಚೆನ್ನಾಗಿದ್ದದ್ದು ಹೆಚ್ಚು ಊದಿಸಿಕೊಂಡ ಗುಂಪಿನದೇ. ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಓದಿದ ಮೇಲೆ ಮಾನಿಟರಿನ ಅಂಕಿ ನೋಡಿ ಸಮಾಧಾನ ಪಡುವುದನ್ನು ನಿಲ್ಲಿಸಬೇಕೆಂದುಕೊಳ್ಳುತ್ತೇನೆ. ಒಳಗೆ ಹೋದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಜ್ವರ ಇಳಿದು, ಎಕ್ಸ್‌ರೇಯ ಬಿಳುಪು ಅಲ್ಲಲ್ಲಿ ಹರಿದು ಕಪ್ಪು ಕಾಣತೊಡಗಿದಾಗ ಒಂದು ಬೆಳಗ್ಗೆ ನಿದ್ದೆ ಮದ್ದು ನಿಲ್ಲಿಸುತ್ತಾರೆ.

ಅವತ್ತು ಅಣ್ಣ ಧೈರ್ಯ ಮಾಡಿ ತಾನೇ ಒಳಗೆ ಹೋಗುತ್ತಾನೆ. ಎರಡೇ ನಿಮಿಷಕ್ಕೆ ಹೊರಗೆ ಬರುತ್ತಾನೆ, ಗೌನು ಬಿಚ್ಚುವುದನ್ನೂ ಮರೆತು. "ಅವ್ವನ್ ಕೈ ಕಟ್ಟಾಕವ್ರೆ ಕಣ್ಲಾ!"

ನಿಜ. ಗಾಜ್ ಬಟ್ಟೆ ಸುತ್ತಿ ಎರಡೂ ಮಣಿಕಟ್ಟನ್ನು ಮಂಚದ ಕಂಬಿಗೆ ಕಟ್ಟಿದ್ದಾರೆ. ಅವ್ವ ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಿದ್ದಾಳೆ. ಕಣ್ಣು ಬಿಟ್ಟಿದೆ, ಆದರೆ ನೋಡುತ್ತಿರುವುದು ನನ್ನನ್ನಲ್ಲ, ಮೇಲಿನ ಟ್ಯೂಬ್‌ಲೈಟನ್ನು. ಕೆಮ್ಮು ಬಂದಾಗ ಟ್ಯೂಬಿನಲ್ಲಿ ಗೊರಗೊರ ಸದ್ದು, ಯಂತ್ರದ ಕೂಗು, ಮುಖ ಕೆಂಪು, ಕಣ್ಣಂಚಿನಲ್ಲಿ ನೀರು. ಕಾಲು ಮಡಚಲು ನೋಡುತ್ತಾಳೆ, ಮಂಡಿ ಏಳುವುದಿಲ್ಲ. ನಿನ್ನೆಯವರೆಗೆ ನೆಮ್ಮದಿಯಾಗಿ ಮಲಗಿದ್ದವಳನ್ನು ಇವರು ಏನು ಮಾಡಿದರು?

"ಚೆನ್ನಾಗಿದ್ದಾರೆ ಇವತ್ತು!" ಡಾಕ್ಟರಮ್ಮ ನಿಜವಾಗಿಯೂ ಖುಷಿಯಾಗಿದ್ದಾರೆ. ಬಗ್ಗಿ ಅವ್ವನ ಕಿವಿಯ ಹತ್ತಿರ, "ಅಮ್ಮಾ, ನನ್ ಕೈ ಹಿಡೀರಿ. ಗಟ್ಟಿಯಾಗಿ" ಎನ್ನುತ್ತಾರೆ. ಅವ್ವನ ಬೆರಳುಗಳು ಮೆಲ್ಲಗೆ ಮಡಚಿಕೊಳ್ಳುತ್ತವೆ. "ಬಿಡಿ." ಬಿಡುತ್ತಾಳೆ. ಹಿಡಿದದ್ದಕ್ಕಿಂತ ಬಿಟ್ಟದ್ದು ಮುಖ್ಯ ಎಂದು ಆಮೇಲೆ ವಿವರಿಸುತ್ತಾರೆ. ಹಿಡಿಯುವುದು ಎಳೆಗೂಸೂ ತನ್ನಷ್ಟಕ್ಕೆ ಮಾಡುತ್ತದೆ. ಹೇಳಿದಾಗ ಬಿಡಬೇಕಾದರೆ ಮಾತು ಅರ್ಥವಾಗಿರಬೇಕು.

ನಿದ್ದೆ ಮದ್ದನ್ನು ದಿನಾ ಬೆಳಗ್ಗೆ ನಿಲ್ಲಿಸಿ, ರೋಗಿ ಎಚ್ಚರವಾದ ಹೊತ್ತಿಗೇ ಸ್ವಂತ ಉಸಿರಾಟವನ್ನೂ ಪರೀಕ್ಷಿಸುವ ಪದ್ಧತಿಯ ಮೇಲೆ 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಅಧ್ಯಯನ ಬಂತು. ಹಾಗೆ ಎಬ್ಬಿಸಿದವರಲ್ಲಿ ಟ್ಯೂಬನ್ನು ತಾವೇ ಕಿತ್ತುಕೊಂಡವರು ಜಾಸ್ತಿ. ಒಂದು ವರ್ಷದ ನಂತರ ಬದುಕಿದ್ದವರೂ ಜಾಸ್ತಿ. ಕೈ ಕಟ್ಟಿದ ಗಾಜ್ ಬಟ್ಟೆಯನ್ನು ನೋಡುತ್ತಾ ಈ ಎರಡೂ ವಾಕ್ಯಗಳನ್ನು ಒಟ್ಟಿಗೆ ನಂಬುವುದು ಸುಲಭವಲ್ಲ. ಅಣ್ಣನಿಗೆ ನಾನು ಎರಡನೆಯದನ್ನಷ್ಟೇ ಹೇಳುತ್ತೇನೆ.

ಈಗ 'ಟ್ರಯಲ್'. ಯಂತ್ರ ಊದುವುದನ್ನು ಬಿಟ್ಟು ಸ್ವಲ್ಪ ಒತ್ತಾಸೆ ಮಾತ್ರ ಕೊಡುತ್ತದೆ. ಉಸಿರು ಎಳೆಯುವ ಕೆಲಸ ಅವ್ವನದು. ಅರ್ಧ ಗಂಟೆ ತಡೆದುಕೊಂಡರೆ ಟ್ಯೂಬ್ ತೆಗೆಯುವ ಮಾತು. ಡಾಕ್ಟರಮ್ಮ ನನ್ನನ್ನೂ ಪಕ್ಕದಲ್ಲಿ ನಿಲ್ಲಲು ಬಿಡುತ್ತಾರೆ. "ನಿಮ್ಮ ಮುಖ ಕಂಡ್ರೆ ಗಾಬರಿ ಕಡಿಮೆ ಆಗುತ್ತೆ. ಆದ್ರೆ ಮಾನಿಟರ್ ನೋಡಬೇಡಿ, ಅಮ್ಮನ್ನ ನೋಡಿ."

ನೋಡುತ್ತೇನೆ. ಮೊದಲ ಐದು ನಿಮಿಷ ಪರವಾಗಿಲ್ಲ. ನಿಮಿಷಕ್ಕೆ ಇಪ್ಪತ್ತೆರಡು ಉಸಿರು, ಒಂದೊಂದೂ ಆಳ. "ಅವ್ವಾ, ನಿಧಾನ. ಹೊಟ್ಟೆಯಿಂದ ಎಳ್ಕೊ." ಹತ್ತು ನಿಮಿಷ. ಕೊರಳಿನ ಎರಡು ಪಕ್ಕದ ನರಗಳು ಹಗ್ಗ ಬಿಗಿದಷ್ಟು ಎದ್ದು ಕಾಣತೊಡಗುತ್ತವೆ. ಭುಜದ ಮೂಳೆಯ ಮೇಲಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಕುಸಿಯುತ್ತದೆ. ಮೂಗಿನ ಹೊಳ್ಳೆ ಅಗಲವಾಗುತ್ತದೆ. ಹಣೆಯ ಮೇಲೆ ಸಣ್ಣ ಸಣ್ಣ ಬೆವರ ಹನಿ, ಆ ಏಸಿಯ ಚಳಿಯಲ್ಲಿ. ಆಮೇಲೆ ನಾನು ಎಂದೂ ನೋಡದ ಒಂದು ಸಂಗತಿ ನಡೆಯುತ್ತದೆ: ಉಸಿರು ಎಳೆದಾಗ ಎದೆಯ ಜೊತೆ ಉಬ್ಬಬೇಕಾದ ಹೊಟ್ಟೆ ಒಳಕ್ಕೆ ಹೋಗುತ್ತಿದೆ. ನಿಮಿಷಕ್ಕೆ ಮೂವತ್ತೆಂಟು ಉಸಿರು, ಒಂದೊಂದು 220 ಮಿಲಿಲೀಟರ್. ಡಾಕ್ಟರಮ್ಮ ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಾರೆ. ಉಸಿರಿನ ಸಂಖ್ಯೆಯನ್ನು ಲೀಟರಿನಲ್ಲಿ ಹೇಳಿದ ಅಳತೆಯಿಂದ ಭಾಗಿಸಬೇಕು. 105ಕ್ಕಿಂತ ಕಡಿಮೆ ಬಂದರೆ ಆಸೆ ಇಟ್ಟುಕೊಳ್ಳಬಹುದು. ಅವ್ವನದು 170 ದಾಟಿದೆ.

"ಸಾಕು ಅಮ್ಮ. ತುಂಬ ಚೆನ್ನಾಗಿ ಮಾಡಿದ್ರಿ. ಇನ್ನು ರೆಸ್ಟ್." ಒಂದು ಗುಂಡಿ ಒತ್ತುತ್ತಾರೆ. ಯಂತ್ರ ಮತ್ತೆ ಕೆಲಸ ವಹಿಸಿಕೊಳ್ಳುತ್ತದೆ. ಅವ್ವ ಕಣ್ಣು ಮುಚ್ಚುತ್ತಾಳೆ.

ಕಾರಿಡಾರಿನಲ್ಲಿ ಮಾವ ಕಾಯುತ್ತಿದ್ದಾರೆ. ಅವ್ವನ ತಮ್ಮ, ಪಿರಿಯಾಪಟ್ಟಣದಿಂದ ಬೆಳಗಿನ ಬಸ್ಸಿಗೆ ಬಂದವರು. "ಶ್ವಾಸಕೋಶ ವಾಸಿ ಆಗೈತೆ ಅಂತೀರಿ, ಉಸ್ರು ಆಡಲ್ಲ ಅಂತೀರಿ. ಏನಪ್ಪ ಇದು ಲೆಕ್ಕ?"

ಮಾವ ಒಕ್ಕಲುತನದವರು, ಅವರಿಗೆ ಹೇಳಬೇಕಾದದ್ದನ್ನು ಆ ಭಾಷೆಯಲ್ಲೇ ಹೇಳುತ್ತೇನೆ. ಎತ್ತನ್ನು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿ, ಒಂದು ದಿನ ಇದ್ದಕ್ಕಿದ್ದ ಹಾಗೆ ನೊಗ ಹೇರಿದರೆ ಎಷ್ಟು ಸಾಲು ಉಳುತ್ತದೆ? ಎದೆ ಮತ್ತು ಹೊಟ್ಟೆಯ ನಡುವೆ ಒಂದು ಸ್ನಾಯುವಿನ ಪರದೆ ಇದೆ, ವಪೆ. ಹುಟ್ಟಿದ ಗಳಿಗೆಯಿಂದ ಒಂದು ದಿನವೂ ರಜೆ ತೆಗೆದುಕೊಳ್ಳದ ಸ್ನಾಯು ಅದು. ಯಂತ್ರ ಅದಕ್ಕೆ ಮೊದಲ ಬಾರಿಗೆ ರಜೆ ಕೊಟ್ಟಿದೆ, ಅದು ಕರಗಿದೆ. ತಿಂಗಳುಗಳೂ ಬೇಕಿಲ್ಲ. 2008ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಮಿದುಳು ನಿಷ್ಕ್ರಿಯವಾಗಿ ಅಂಗದಾನಕ್ಕೆ ಸಿದ್ಧರಾದವರ ವಪೆಯನ್ನು ನೋಡಿದರು. ಹದಿನೆಂಟರಿಂದ ಅರವತ್ತೊಂಬತ್ತು ಗಂಟೆ ವೆಂಟಿಲೇಟರ್‌ನಲ್ಲಿದ್ದವರಲ್ಲೇ ಸ್ನಾಯುವಿನ ಎಳೆಗಳು ಅರ್ಧಕ್ಕಿಂತ ಹೆಚ್ಚು ಸಣ್ಣಗಾಗಿದ್ದವು. ಮೂರು ದಿನವೂ ತುಂಬಿರಲಿಲ್ಲ. ಮಾವ ಹೂಂಗುಟ್ಟುತ್ತಾರೆ. ಒಪ್ಪಿದರೋ ಇಲ್ಲವೋ ತಿಳಿಯುವುದಿಲ್ಲ.

ಒಪ್ಪಿರಲಿಲ್ಲ ಎಂಬುದು ಡಾಕ್ಟರಮ್ಮ ಗಂಟಲಿನ ಮಾತೆತ್ತಿದಾಗ ಗೊತ್ತಾಗುತ್ತದೆ. ಟ್ರಯಲ್‌ಗಳು ಮತ್ತೆ ಮತ್ತೆ ಅರ್ಧಕ್ಕೆ ನಿಂತಿವೆ. ಬಾಯಿಯ ಟ್ಯೂಬನ್ನು ಇನ್ನು ಮುಂದುವರಿಸುವುದು ಬೇಡ, ಟ್ರೆಕಿಯಾಸ್ಟಮಿ ಮಾಡೋಣ ಎನ್ನುತ್ತಾರೆ.

"ಗಂಟ್ಲಿಗೆ ತೂತು ಹೊಡಿಸ್ಕಂಡೋರು ಯಾರಾದ್ರೂ ವಾಪಸ್ ಬಂದಿರೋದುಂಟಾ?" ಮಾವ ಕಾರಿಡಾರಿನಲ್ಲೇ ಗಟ್ಟಿಯಾಗಿ ಕೇಳುತ್ತಾರೆ. ಸಾಲು ಕುರ್ಚಿಯವರೆಲ್ಲ ತಿರುಗಿ ನೋಡುತ್ತಾರೆ. "ಸುಮ್ನೆ ಯಾಕ್ ಹಿಂಸೆ ಕೊಡ್ತೀರಿ. ಮನೆಗೆ ಕರ್ಕಂಡ್ ಹೋಗಾಣ. ಅವಳ್ ಹಟ್ಟೀಲಿ, ಅವಳ್ ಮಂಚದ್ ಮೇಲೆ."

ಆರನೇ ಬೆಡ್ ಕಡೆಯವರು ನಿನ್ನೆ ಸಂಜೆ ಹಾಗೆಯೇ ಕರೆದುಕೊಂಡು ಹೋದರು. ಸೈನ್ ಹಾಕಿ, ಆಂಬುಲೆನ್ಸ್‌ನಲ್ಲಿ, ಒಬ್ಬ ಹುಡುಗ ಗಾಳಿ ಕೊಡುವ ಅಂಬು ಬ್ಯಾಗ್ ಒತ್ತುತ್ತಾ. ಅವರು ಯಾಕೆ ಹೋದರು ಎಂದು ಯಾರೂ ಕೇಳಲಿಲ್ಲ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ. ಆ ಮಿತಿ ಎಲ್ಲಿಗೆ ಬಂದು ನಿಂತಿದೆ ಎನ್ನುವುದು ಈ ಕಾರಿಡಾರಿನಲ್ಲಿ ಆಮ್ಲಜನಕದ ಅಂಕಿಗಿಂತ ಹೆಚ್ಚು ವಿಚಾರಿಸಲ್ಪಡುವ ಸಂಗತಿ.

ಆದರೆ ಗಂಟಲ ತೂತಿನ ವಿಷಯದಲ್ಲಿ ಮಾವ ಹೇಳುವುದು ತಿರುಗುಮುರುಗು. ಐಸಿಯು ಎನ್ನುವುದು ಹುಟ್ಟಿದ್ದೇ ಅಂಥ ಒಂದು ತೂತಿನಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿತ್ತು. ಉಸಿರಾಟದ ಸ್ನಾಯುಗಳೇ ಸೋತುಹೋದವರು ಬ್ಲೆಗ್‌ಡಾಮ್ ಆಸ್ಪತ್ರೆಗೆ ದಿನಾ ಬರುತ್ತಿದ್ದರು. ಮೊದಲ ವಾರಗಳಲ್ಲಿ ಅಂಥ 31 ಜನರಲ್ಲಿ 27 ಮಂದಿ ಸತ್ತರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಆಗಸ್ಟ್ 27ರಂದು, ಸಾಯುವ ಸ್ಥಿತಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯ ಗಂಟಲಿಗೆ ತೂತು ಮಾಡಿಸಿ, ಟ್ಯೂಬ್ ಇಟ್ಟು, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಗಾಳಿ ಕೊಟ್ಟರು. ಹುಡುಗಿ ಉಳಿದಳು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ತಿಂಗಳುಗಟ್ಟಲೆ, ಹಾಸಿಗೆ ಪಕ್ಕ ಕೂತು ಚೀಲ ಒತ್ತಿದರು. ಸಾವು ನೂರಕ್ಕೆ ಸುಮಾರು 25ಕ್ಕೆ ಇಳಿಯಿತು. ಆಗ ವೆಂಟಿಲೇಟರ್ ಅಂದರೆ ಹುಡುಗ ಹುಡುಗಿಯರ ಕೈ. ಆರನೇ ಬೆಡ್‌ನವರನ್ನು ಮನೆಗೆ ಕಳಿಸಲು ಒತ್ತಿದ ಅಂಬು ಬ್ಯಾಗ್ ಕೂಡ ಅದೇ ದಶಕದಲ್ಲಿ ಅದೇ ದೇಶದಲ್ಲಿ ತಯಾರಾದದ್ದು.

ಇದೆಲ್ಲ ಮಾವನಿಗೆ ಬೇಕಾಗಿಲ್ಲ. ಅವರನ್ನು ಒಪ್ಪಿಸುವುದು ಎಂಟು ತಿಂಗಳ ಹಿಂದೆ ಇದೇ ಐಸಿಯುನಲ್ಲಿದ್ದು, ಈಗ ಚೆಕಪ್ಪಿಗೆ ಬಂದಿರುವ ಕೆ.ಆರ್. ನಗರದ ಕಡೆಯ ಒಬ್ಬ ಯಜಮಾನರು. ಶರ್ಟಿನ ಮೇಲಿನ ಗುಂಡಿ ಬಿಚ್ಚಿ ಗಂಟಲ ಕುಳಿಯ ಗಾಯದ ಕಲೆ ತೋರಿಸುತ್ತಾರೆ, ಕಾಳಿನಷ್ಟು ಗಾತ್ರ. ಮಾವ ಬಗ್ಗಿ ನೋಡುತ್ತಾರೆ. ಮುಟ್ಟಿಯೂ ನೋಡುತ್ತಾರೆ. ಅಣ್ಣ ಸೈನ್ ಹಾಕುತ್ತಾನೆ.

ಹಾಸಿಗೆಯ ಮೇಲೆಯೇ ಮಾಡಿ ಮುಗಿಸುತ್ತಾರೆ. ಮಧ್ಯಾಹ್ನ ಒಳಗೆ ಹೋದಾಗ ಅವ್ವನ ಬಾಯಿ ಖಾಲಿ ಇದೆ. ತುಟಿ ಒಡೆದಿದೆ, ಕೆನ್ನೆಯ ಮೇಲೆ ಪ್ಲಾಸ್ಟರಿನ ಗುರುತು. ಅವ್ವ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಾಳೆ. ಮತ್ತೆ ಸವರಿಕೊಳ್ಳುತ್ತಾಳೆ. ನಿದ್ದೆ ಮದ್ದು ಇನ್ನು ಬೇಡ, ಕೈ ಕಟ್ಟುವುದೂ ಬೇಡ. ನನ್ನನ್ನು ನೋಡಿ ಏನೋ ಹೇಳುತ್ತಾಳೆ, ಸದ್ದಿಲ್ಲ. ಗಾಳಿ ಧ್ವನಿಪೆಟ್ಟಿಗೆಗೆ ತಲುಪುವ ಮೊದಲೇ ತೂತಿನಿಂದ ಹೊರಗೆ ಹೋಗುತ್ತದೆ. ತುಟಿ ನೋಡಿ ಓದಬೇಕು. ನನಗೆ ಬರುವುದಿಲ್ಲ. ಕೇರಳದ ಸಿಸ್ಟರ್‌ಗೆ, ಕನ್ನಡ ಅಷ್ಟಕ್ಕಷ್ಟೇ ಇದ್ದರೂ, ಬರುತ್ತದೆ. "ಸೌದೆ... ಸೌದೆ ಹಾಕಿದ್ರಾ ಅಂತ ಕೇಳ್ತಿದ್ದಾರೆ?"

ಬ್ಯಾರನ್ನಿಗೆ. ಅವ್ವನ ತಲೆಯಲ್ಲಿ ಇನ್ನೂ ಶ್ರಾವಣದ ರಾತ್ರಿ ನಡೆಯುತ್ತಿದೆ. ಮೂಲೆಯಲ್ಲಿ ಯಾರೋ ಸೊಪ್ಪು ಕದಿಯುತ್ತಿದ್ದಾರೆ ಎಂದು ಬೆರಳು ತೋರಿಸುತ್ತಾಳೆ. ಅಲ್ಲಿರುವುದು ಎಕ್ಸ್‌ರೇ ಯಂತ್ರ. ಐಸಿಯುನಲ್ಲಿ ಇದು ಬಹಳ ಸಾಮಾನ್ಯ, ವಾದ ಮಾಡಬೇಡಿ, ದಿನ ಯಾವುದು ಊರು ಯಾವುದು ಎಂದು ಹೇಳುತ್ತಿರಿ, ಕನ್ನಡಕ ತಂದುಕೊಡಿ ಎನ್ನುತ್ತಾರೆ. ಕನ್ನಡಕ ತರುತ್ತೇವೆ. ಒಂದು ಗೋಡೆ ಕ್ಯಾಲೆಂಡರ್ ಕೂಡ.

ಇಲ್ಲಿಂದ ಮುಂದಿನದು ನಿಧಾನದ ಕೆಲಸ, ಹೇಳಲು ಅಷ್ಟೇನೂ ಇಲ್ಲ. ಬೆಳಗ್ಗೆ ಯಂತ್ರ ಬಿಚ್ಚಿ, ಗಂಟಲ ಮುಂದೆ ಆಮ್ಲಜನಕದ ಸಣ್ಣ ಮಾಸ್ಕು ಕಟ್ಟುತ್ತಾರೆ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ. ಸುಸ್ತಾದರೆ ಮತ್ತೆ ಯಂತ್ರ. ರಾತ್ರಿ ಪೂರ್ತಿ ಯಂತ್ರ, ನಿದ್ದೆ ಮಾಡಲಿ ಎಂದು. ಒತ್ತಾಸೆಯನ್ನು ಚೂರುಚೂರೇ ಕಡಿಮೆ ಮಾಡುವುದಕ್ಕಿಂತ ಹೀಗೆ ಪೂರ್ತಿ ಬಿಚ್ಚಿ ಹೊರಗೆ ಬಿಡುವುದೇ ಬೇಗ ಗುಣ ಕೊಡುತ್ತದೆಯಂತೆ. 2013ರ ಅಮೆರಿಕದ ಪ್ರಯೋಗವೊಂದರಲ್ಲಿ 19 ದಿನದ ಕೆಲಸ 15ಕ್ಕೆ ಮುಗಿದಿತ್ತು. ನಡುವೆ ಒಂದು ಕಫದ ಗಡ್ಡೆ ಸಿಕ್ಕಿಕೊಂಡು, ಮತ್ತೆ ಜ್ವರ ಬಂದು, ಗಳಿಸಿದ್ದೆಲ್ಲ ಹೋಗಿ ಮೊದಲಿನಿಂದ ಶುರುವಾಗುತ್ತದೆ. ಅಣ್ಣ ಊರಿಗೆ ಹೋಗಿ ಉಳಿದ ಸೊಪ್ಪು ಬೇಯಿಸಿ ಬರುತ್ತಾನೆ.

ಫಿಸಿಯೋ ಹುಡುಗಿ ಮಂಗಳೂರಿನವಳು. "ಎಂತ ಅಮ್ಮ, ಇವತ್ತು ಕೂತುಕೊಳ್ಳುವ ಅಲ್ವಾ?" ಅವಳ ಕನ್ನಡ ಕೇಳಿ ಅವ್ವ ಹುಬ್ಬು ಗಂಟಿಕ್ಕುತ್ತಾಳೆ. ಇಬ್ಬರು ಹಿಡಿದು, ಒಬ್ಬರು ಟ್ಯೂಬು ಸಂಭಾಳಿಸಿ, ಮಂಚದ ಅಂಚಿಗೆ ಕೂರಿಸುತ್ತಾರೆ. ಕಾಲು ಇಳಿಬಿಟ್ಟಾಗ ನೋಡುತ್ತೇನೆ: ತೊಡೆ ನನ್ನ ತೋಳಿನಷ್ಟಿದೆ. ತಲೆ ಮುಂದಕ್ಕೆ ಬಾಗಿದೆ, ಕತ್ತು ಎತ್ತುವ ಶಕ್ತಿ ಇಲ್ಲ. ಹುಡುಗಿ ಅವ್ವನ ಎರಡೂ ಪಾದಗಳನ್ನು ತನ್ನ ಅಂಗೈಯಲ್ಲಿ ಹಿಡಿದು ನೆಲಕ್ಕೆ ಮುಟ್ಟಿಸುತ್ತಾಳೆ. ಹಿಮ್ಮಡಿಯ ಬಿರುಕುಗಳೆಲ್ಲ ಮಾಯವಾಗಿವೆ, ಇಷ್ಟು ದಿನ ನೆಲ ತುಳಿಯದೆ ಪಾದ ಎಳೆ ಮಗುವಿನಷ್ಟು ಮೆದುವಾಗಿದೆ. "ನೆಲ ತಾಗಿತಾ ಅಮ್ಮ? ಒತ್ತಿ, ಒತ್ತಿ." ಅವ್ವ ಒತ್ತುತ್ತಾಳೆ. ಕೆಮ್ಮು ಬರುತ್ತದೆ. ಮೊದಲು ಹೆದರಿಸುತ್ತಿದ್ದ ಕೆಮ್ಮು ಈಗ ಎಲ್ಲರಿಗೂ ಬೇಕಾದ ನೆಂಟ. ತಾನೇ ಕೆಮ್ಮಿ ಕಫ ಹೊರಗೆ ಹಾಕುವವಳಿಗೆ ಸಕ್ಷನ್ ಟ್ಯೂಬ್ ಇಳಿಸಬೇಕಾಗಿಲ್ಲ. "ಸೂಪರ್ ಕೆಮ್ಮು!" ಎಂದು ಹುಡುಗಿ ಹೊಗಳುತ್ತಾಳೆ. ಕೆಮ್ಮಿದ್ದಕ್ಕೆ ಯಾರಾದರೂ ಹೊಗಳಿದ್ದು ಅವ್ವನ ಜೀವನದಲ್ಲಿ ಇದೇ ಮೊದಲು.

ನೀರು ಕೊಡುವುದಿಲ್ಲ. ಅವ್ವನ ಮುಖ್ಯ ಜಗಳ ಅದು. ನುಂಗುವ ಸ್ನಾಯುಗಳೂ ಸೋತಿರುವಾಗ ತೆಳ್ಳಗಿನ ನೀರು ಗಂಟಲಿಂದ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ಗಟ್ಟಿಯಾದದ್ದು ಮೆಲ್ಲಗೆ ಇಳಿಯುತ್ತದೆ, ಎಚ್ಚರಿಸುತ್ತದೆ. ಹಾಗಾಗಿ ಮೊದಲು ಬಾಯಿಗೆ ಬರುವುದು ಚಮಚದಲ್ಲಿ ರಾಗಿ ಗಂಜಿ, ಚಮಚ ಬಾಗಿಸಿದರೂ ಬೀಳದಷ್ಟು ಗಟ್ಟಿ. ಎರಡು ಚಮಚ ನುಂಗಿ ಅವ್ವ ತುಟಿ ಅಲುಗಿಸುತ್ತಾಳೆ. ಇದನ್ನು ನಾನೂ ಓದಬಲ್ಲೆ. ಉಪ್ಪಿಲ್ಲ.

ಇನ್ನೊಂದು ಮಧ್ಯಾಹ್ನ ಗಂಟಲ ಟ್ಯೂಬಿನ ಬಾಯಿಗೆ ಬಟನ್ ಗಾತ್ರದ ಒಂದು ಕವಾಟ ಕೂರಿಸುತ್ತಾರೆ. ಉಸಿರು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹೊರಹೋಗುವ ಗಾಳಿಗೆ ಮೇಲಿನ ದಾರಿಯೊಂದೇ ಗತಿ, ಧ್ವನಿಪೆಟ್ಟಿಗೆಯ ಮೂಲಕ. ಇಂಥ ಕವಾಟವನ್ನು ಮಾಡಿಕೊಂಡವನು ಡೇವಿಡ್ ಮ್ಯೂರ್ ಎಂಬ ಅಮೆರಿಕದ ಯುವಕ. ಸ್ನಾಯು ಕ್ಷಯದ ಕಾಯಿಲೆಯಿಂದ ವೆಂಟಿಲೇಟರ್‌ನಲ್ಲಿದ್ದವನು, ಮಾತಾಡಲೇಬೇಕೆಂದು ಹಟ ಹಿಡಿದವನು. ಸಿಸ್ಟರ್ ಕವಾಟ ಒತ್ತಿ ಕೂರಿಸಿ, "ಮಾತಾಡಿ ಅಮ್ಮ, ಮಗನ ಹೆಸರು ಹೇಳಿ" ಎನ್ನುತ್ತಾರೆ. ನಾನು, ಅಣ್ಣ, ಇವತ್ತಿಗೆ ವಿಶೇಷ ಅನುಮತಿ ಪಡೆದ ಮಾವ, ಮೂವರೂ ಬಗ್ಗಿ ನಿಂತಿದ್ದೇವೆ.

ಅವ್ವ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಾಳೆ. ಗೊಗ್ಗರು ಧ್ವನಿ, ಒಡೆದ ಧ್ವನಿ, ಆದರೆ ಅವಳದೇ.

"ನನ್ ಓಲೆ ಯಾರ್ ತಗಂಡ್ರಿ?"

ಗಂಟಲ ಟ್ಯೂಬ್ ತೆಗೆದು ಪಟ್ಟಿ ಹಾಕಿ ಕಳಿಸಿದಾಗ ನವರಾತ್ರಿಯ ದೀಪಗಳನ್ನು ಮೈಸೂರಿನಲ್ಲಿ ಬಿಚ್ಚುತ್ತಿದ್ದಾರೆ. ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮಾತಾಡುವಾಗ ಎರಡು ಬೆರಳು ಒತ್ತಿ ಹಿಡಿಯಿರಿ ಎಂದಿದ್ದಾರೆ. ಜೊತೆಗೆ ಬಾಡಿಗೆಯ ಆಕ್ಸಿಜನ್ ಕಾನ್ಸಂಟ್ರೇಟರ್, ಕರೆಂಟು ಹೋದರೆ ಇರಲಿ ಎಂದು ಒಂದು ಸಿಲಿಂಡರ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಮೂರು ಚೆಂಡಿನ ಸ್ಪೈರೋಮೀಟರ್. ಚೆಂಡು ಏರಿಸುವುದರಲ್ಲಿ ಮೊಮ್ಮಗಳ ಜೊತೆ ಪಂದ್ಯ. ಮೂರನೇ ಚೆಂಡು ಅವ್ವನಿಗೆ ಅಲುಗುವುದಿಲ್ಲ.

ಹಳ್ಳಿಯ ಮನೆಯಲ್ಲಿ ಒಂದು ಮಧ್ಯಾಹ್ನ. ಮಾವ ನೋಡಲು ಬಂದಿದ್ದಾರೆ. ಅವ್ವನ ಬೆರಳಿನಲ್ಲಿ 90 ತೋರಿಸುತ್ತಿದೆ. ಮಾವನಿಗೆ ಸಮಾಧಾನವಿಲ್ಲ, ಟಿವಿಯಲ್ಲಿ 95ಕ್ಕಿಂತ ಕೆಳಗಿದ್ದರೆ ಅಪಾಯ ಎಂದು ಕೇಳಿದ್ದಾರೆ. ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕಾನ್ಸಂಟ್ರೇಟರಿನ ತಿರುಗಣೆ ಒಂದರಿಂದ ನಾಲ್ಕಕ್ಕೆ ಏರಿದೆ. "ನೋಡು, 98! ಎಂಗ್ ಹಾಯಾಗಿ ನಿದ್ದೆ ಬಂತು."

ಅವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ಕರೆದರೆ ತಡವಾಗಿ ಓಗೊಡುತ್ತಾಳೆ. ತಿರುಗಣೆಯನ್ನು ಒಂದಕ್ಕೆ ಇಳಿಸಿ, ಅವಳನ್ನು ಎತ್ತಿ ಕೂರಿಸಿ, ಮಾತಾಡಿಸುತ್ತಾ ಡಾಕ್ಟರಮ್ಮನಿಗೆ ಫೋನು ಮಾಡುತ್ತೇನೆ. ಹೊಗೆಯಿಂದ ಕೆಟ್ಟ ಶ್ವಾಸಕೋಶಕ್ಕೆ 88ರಿಂದ 92 ಸಾಕು. ಅದಕ್ಕಿಂತ ಹೆಚ್ಚು ಕೊಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲಿ ತುಂಬಿ ಮಂಪರು ಬರುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಉಬ್ಬಸ ಬಂದ ರೋಗಿಗಳಿಗೆ ಆಂಬುಲೆನ್ಸಿನಲ್ಲಿ ಧಾರಾಳವಾಗಿ ಆಮ್ಲಜನಕ ಕೊಟ್ಟಾಗ ನೂರಕ್ಕೆ 9 ಮಂದಿ ಸತ್ತರು, ಅಳೆದು 88ರಿಂದ 92ರಲ್ಲಿ ಇಟ್ಟಾಗ 4 ಮಂದಿ. 2010ರಲ್ಲಿ ಪ್ರಕಟವಾದ ಅಂಕಿ ಇದು. ಮಾವನಿಗೆ ನಾನು ಅಂಕಿ ಹೇಳುವುದಿಲ್ಲ. ತಿರುಗಣೆಯ ಮೇಲೆ ಪ್ಲಾಸ್ಟರ್ ಸುತ್ತುತ್ತೇನೆ. ಸ್ವಲ್ಪ ಹೊತ್ತಿಗೆ ಅವ್ವ ಪೂರ್ತಿ ಎಚ್ಚರವಾಗಿ, ಮಾವನನ್ನು ಬೈಯಲು ಶುರುಮಾಡುತ್ತಾಳೆ, ಯಾವುದೋ ಹಳೆಯ ಜಮೀನಿನ ವಿಷಯಕ್ಕೆ. ಆಕ್ಸಿಮೀಟರಿನಲ್ಲಿ 89. ಎಲ್ಲ ಸರಿಯಾಗಿದೆ.

ಮುಂದಿನ ಚೆಕಪ್ಪಿನಲ್ಲಿ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಆರು ನಿಮಿಷ ನಡೆಸುತ್ತಾರೆ. ಎರಡು ತುದಿಗೂ ಕೇಸರಿ ಬಣ್ಣದ ಶಂಕು, ನಡುವೆ ಮೂವತ್ತು ಮೀಟರ್. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಡುತ್ತಾಳೆ. ಫಿಸಿಯೋ ಹುಡುಗಿ ಗಡಿಯಾರ ಹಿಡಿದು ಪಕ್ಕದಲ್ಲಿ ಬರುತ್ತಾಳೆ. ನಾಲ್ಕನೇ ನಿಮಿಷಕ್ಕೆ ಗೋಡೆ ಹಿಡಿದು ನಿಂತು, ತುಟಿ ಮೊನಚು ಮಾಡಿ ಊದಿ ಊದಿ ಉಸಿರು ಬಿಟ್ಟು, ಮತ್ತೆ ನಡೆಯುತ್ತಾಳೆ. 210 ಮೀಟರ್. ಕಳೆದ ಸಲಕ್ಕಿಂತ ಅರವತ್ತು ಹೆಚ್ಚು.

ಡಾಕ್ಟರಮ್ಮ ಎಲ್ಲ ಬರೆದುಕೊಂಡು ಪೆನ್ನು ಕೆಳಗಿಡುತ್ತಾರೆ. "ಅಮ್ಮ, ಇನ್ನು ಮೇಲೆ ಹೊಗೆ ಹತ್ರ ಸುಳಿಯಂಗಿಲ್ಲ."

"ಬ್ಯಾರನ್ ತಾವ ಓಗಲ್ಲ ಕಣವ್ವ. ಈ ವರ್ಸ ಹೊಗೆಸೊಪ್ಪಿನ್ ಲೈಸೆನ್ಸೇ ಬ್ಯಾಡ ಅಂದವ್ನೆ ದೊಡ್ಡೋನು."

"ಒಲೆ?"

"ಗ್ಯಾಸ್ ಐತೆ." ಇದೆ, 2016ರ ಉಜ್ವಲ ಯೋಜನೆ ಬಂದ ಮೇಲೆ ಊರಿಗೆಲ್ಲ ಬಂದ ಹಾಗೆ ನಮ್ಮನೆಗೂ ಬಂತು. ಅದಕ್ಕೂ ಮೊದಲು, ನಾನು ಸ್ಕೂಲಿನಲ್ಲಿದ್ದಾಗ, ಅಸ್ತ್ರ ಒಲೆ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆಂದೇ 1974ರಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ಒಲೆ, ಹೊಗೆಯನ್ನು ಕೊಳವೆಯಲ್ಲಿ ಮಾಡಿನ ಮೇಲಕ್ಕೆ ಕಳಿಸುವಂಥದ್ದು. ಒಂದು ಮಳೆಗಾಲ ಕೊಳವೆ ಒಡೆಯಿತು, ಮತ್ತೆ ಯಾರೂ ಹಾಕಿಸಲಿಲ್ಲ. ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಲು ಹೊತ್ತಿಲ್ಲ, ಹೊರಗೆ ಟೋಕನ್ ಕೂಗುತ್ತಿದ್ದಾರೆ.

"ಸ್ನಾನಕ್ಕೆ ನೀರು ಯಾವುದರಲ್ಲಿ ಕಾಯಿಸ್ತೀರಿ?"

ಅವ್ವ ನನ್ನ ಕಡೆ ನೋಡುತ್ತಾಳೆ. ನಾನು ಮೇಜಿನ ಕಡೆ ನೋಡುತ್ತೇನೆ.

"ಹಂಡೆ ಒಲೇಲಿ," ಎನ್ನುತ್ತಾಳೆ ಕೊನೆಗೆ. "ನಾನ್ ಉರಿ ಹಾಕಲ್ಲ. ಸೊಸೆ ಹಾಕ್ತಾಳೆ."

"ಅವರ ಶ್ವಾಸಕೋಶ ಬೇರೆ ಅಂಗಡಿದಾ?" ಡಾಕ್ಟರಮ್ಮ ನಗುತ್ತಲೇ ಕೇಳುತ್ತಾರೆ. "ಸೋಲಾರ್ ಹಾಕಿಸಿ."

"ಮೋಡ ಇದ್ರೆ?"

"ಮೋಡ ಇದ್ರೆ ಗ್ಯಾಸಲ್ಲಿ."

"ಅದೆಷ್ಟ್ ಗ್ಯಾಸ್ ಆಯ್ತದೆ ಗೊತ್ತಾ ನಿಂಗೆ, ಆರ್ ಜನಕ್ಕೆ?" ಅವ್ವ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾಳೆ.